ಘಾಟು ಹುಟ್ಟದ ಮನೆ

ನಾಲ್ಕು ವರ್ಷದ ವಿರೂಪ ಸೋಫಾದ ಹಿಂದೆ ಹೋಗಿ ಚಡ್ಡಿಯಲ್ಲೇ ಹೇತುಕೊಂಡ. ಮನೆಗೆ ಹೊಸ ಕೂಸು ಬಂದಾಗ ಅದಕ್ಕಿಂತ ದೊಡ್ಡ ಮಕ್ಕಳು ಹೀಗೆ ಹಿಂದಕ್ಕೆ ಜಾರುವುದುಂಟು, ಅದರಲ್ಲಿ ಅತಿಶಯವೇನಿಲ್ಲ. ಅತಿಶಯವೆಂದರೆ, ಚಡ್ಡಿಯ ಅಂಚಿನಿಂದ ಅದು ನೆಲಹಾಸಿನ ಮೇಲೆ ಬಿದ್ದು ಅರ್ಧ ಗಂಟೆಯಾದರೂ ಆ ಪುಟ್ಟ ಮನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಚಾವಣಿಗೆ ಅಂಟಿಕೊಂಡಿದ್ದ ಊಟದ ತಟ್ಟೆಯಷ್ಟಗಲದ ಬಿಳಿ ಯಂತ್ರ ಒಮ್ಮೆ ಹಸಿರು ದೀಪ ಮಿಟುಕಿಸಿ, ಗುರ್ರೆಂದು ಸುಮ್ಮನಾಯಿತು. ಅಜ್ಜಿ ಹುಲಿಗೆಮ್ಮನಿಗೆ ಸಂಗತಿ ತಿಳಿದದ್ದು ಮೂಗಿನಿಂದಲ್ಲ, ಅಂಗಾಲಿನಿಂದ.

“ಥೂ ಥೂ ಥೂ! ಏನ್ ಮನಿಯೋ ಇದು! ತುಳದ ಮ್ಯಾಲ ಗೊತ್ತಾಗಬೇಕೇನು?” ಎಂದು ಅವಳು ಒಂಟಿ ಕಾಲಿನಲ್ಲಿ ಕುಂಟುತ್ತಾ ಬಚ್ಚಲಿಗೆ ಓಡಿದಳು.

“ಇರಲಿ ಬಿಡವ್ವಾ, ವಾಸನಿ ಬರಲಿಲ್ಲಲ್ಲ, ಅದ ಪುಣ್ಯ” ಎಂದಳು ಹಾಸಿಗೆಯಲ್ಲಿದ್ದ ಮಗಳು ನೀಲಾಂಬಿಕೆ. ಅವಳು ಹೆತ್ತು ಎಂಟು ದಿನವಾಗಿತ್ತು.

ಪುಣ್ಯವಂತೆ! ಈ ಮಾತು ಕೇಳಿದರೆ ಎಂಥವರಿಗೂ ಮೈ ಉರಿಯುತ್ತದೆ. ಆದರೆ ಇದು ನೀಲಾಂಬಿಕೆಯೊಬ್ಬಳ ಮಾತಲ್ಲ. ಫಿನ್ಲೆಂಡಿನ ಉತ್ತರದ ಬಂದರು ಊರಾದ ಔಲುವಿನಲ್ಲಿ ಆ ಕಾಲಕ್ಕೆ ಎಲ್ಲರೂ ಹಾಗೇ ಹೇಳುತ್ತಿದ್ದರು.

ಯಂತ್ರದ ಹೆಸರು ಗಂಧಹಾರಿ. ಅದರ ತತ್ತ್ವ ಸರಳ. ವಾಸನೆಯೆಂದರೆ ವಸ್ತುವಿನಿಂದ ಕಳಚಿ ಗಾಳಿಗೆ ಸೇರುವ ಅತಿ ಸೂಕ್ಷ್ಮ ಕಣಗಳು. ಹಳೆಯ ಶೋಧಕ ಯಂತ್ರಗಳು ಗಾಳಿಗೆ ಸೇರಿದ ಮೇಲೆ ಅವನ್ನು ಹಿಡಿಯುತ್ತಿದ್ದವು. ಗಂಧಹಾರಿ ಅಷ್ಟಕ್ಕೆ ನಿಲ್ಲುವುದಿಲ್ಲ. ಕಣ್ಣಿಗೆ ಕಾಣದ ‘ಮುಚ್ಚುಕಣ’ಗಳನ್ನು ಅದು ಹಗಲಿರುಳು ಮನೆಯೊಳಗೆ ಹರಡುತ್ತದೆ. ಇವು ಬಟ್ಟೆ, ಪಾತ್ರೆ, ಮೈಚರ್ಮ ಎಲ್ಲದರ ಮೇಲೂ ಕೂತು, ವಾಸನೆ ಹೊರಡುವ ಜಾಗದಲ್ಲೇ ಅದಕ್ಕೆ ಮುಚ್ಚಳ ಹಾಕುತ್ತವೆ. ತಪ್ಪಿಸಿಕೊಂಡು ಗಾಳಿಗೆ ಬಂದದ್ದನ್ನು ಯಂತ್ರದ ಜರಡಿ ನುಂಗುತ್ತದೆ. ವರ್ಷದ ಎಂಟು ತಿಂಗಳು ಕಿಟಕಿ ತೆರೆಯಲಾಗದ ಚಳಿಯ ನಾಡಿನಲ್ಲಿ, ಹತ್ತಾರು ದೇಶದವರು ಒಂದೇ ಕಟ್ಟಡದಲ್ಲಿದ್ದು, ಒಬ್ಬರ ಒಣಮೀನು ಇನ್ನೊಬ್ಬರಿಗೆ ವಾಕರಿಕೆಯಾಗಿ ಜಗಳಗಳಾಗುತ್ತಿದ್ದಾಗ ಈ ಯಂತ್ರ ಬಂತು. ಮನೆ, ಶಿಶುವಿಹಾರ, ಟ್ರಾಮು ಎಲ್ಲೆಡೆ ಬಂತು. ಜಗಳ ನಿಂತವು.

ಹೊಸಪೇಟೆಯ ಪಂಪಾಪತಿ ಬಂದರಿನಲ್ಲಿ ಕ್ರೇನ್ ನಡೆಸಲು ಹೆಂಡತಿ ನೀಲಾಂಬಿಕೆಯನ್ನೂ ಎರಡು ವರ್ಷದ ಮಗಳು ಮಯೂರಿಯನ್ನೂ ಕರೆದುಕೊಂಡು ಇಲ್ಲಿಗೆ ಬಂದ ವರ್ಷವೇ ಅವರ ಕಟ್ಟಡಕ್ಕೂ ಯಂತ್ರ ಬಂತು. ಅದಕ್ಕೂ ಮುಂಚೆ ಒಮ್ಮೆ ನೀಲಾಂಬಿಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದಾಗ ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡು ಬಾಗಿಲು ಬಡಿದಿದ್ದರು. ಆ ನಾಚಿಕೆ ಅವಳ ಎದೆಯಿಂದ ಹೋಗಲೇ ಇಲ್ಲ. ಈಗ ಬಾಣಂತನ. ಅಜವಾನ, ಬೆಳ್ಳುಳ್ಳಿ, ಹರಳೆಣ್ಣೆ, ಸಾಂಬ್ರಾಣಿ ಹೊಗೆ, ಒಸರುವ ಎದೆಹಾಲು. ಅವ್ವ ಊರಿಂದ ಬರುವ ಮೊದಲೇ ಅವಳು ಗಂಡನಿಗೆ ಹೇಳಿ ಯಂತ್ರವನ್ನು ಕೊನೆಯ ಹಂತಕ್ಕೆ ಏರಿಸಿಟ್ಟಿದ್ದಳು. ಬಾಣಂತಿ ಕೋಣೆಯಿಂದ ಹೊರಗೆ ಒಂದು ಎಳೆ ವಾಸನೆ ಹೋಗಕೂಡದು, ನಮ್ಮ ಮಾನ ಉಳಿಯಬೇಕು ಎಂಬ ಹಟ.

ಮಾನ ಉಳಿಯಿತು. ಕೂಸು ಮಾತ್ರ ಹಾಲು ಕುಡಿಯಲಿಲ್ಲ.

ಯಂತ್ರ ಇನ್ನೂ ಬಾರದ ಆಸ್ಪತ್ರೆಯಲ್ಲಿದ್ದ ಒಂದು ದಿನ ಅಷ್ಟಿಷ್ಟು ಚೀಪಿತ್ತು. ಮನೆಗೆ ಬಂದ ಮೇಲೆ ಎದೆಗೆ ಹಚ್ಚಿದರೆ ಬಾಯಿ ತೆರೆದು ಆ ಕಡೆ ಈ ಕಡೆ ಹುಡುಕುವುದು, ಏನೂ ಸಿಗದಂತೆ ಮುಖ ತಿರುಗಿಸುವುದು, ಕಿರುಚುವುದು. ಬಾಟಲಿ ಕೊಟ್ಟರೆ ಉಗುಳುವುದು. ಚಮಚದಲ್ಲಿ ಹೊಯ್ದ ಹಾಲಿನಲ್ಲಿ ಅರ್ಧ ಗಲ್ಲದ ಮೇಲೆ ಇಳಿದು ಕತ್ತಿನ ಮಡಿಕೆಯಲ್ಲಿ ಹುಳಿಯಾಗುತ್ತಿತ್ತು. ಹುಳಿಯಾದದ್ದೂ ಯಾರಿಗೂ ತಿಳಿಯದೆ ಅಲ್ಲಿ ಚರ್ಮ ಕೆಂಪಗೆ ಬೆಂದಿತ್ತು. ಹುಟ್ಟಿದಾಗ ಮೂರು ಕಿಲೋ ಇದ್ದದ್ದು ಈಗ ಎರಡೂವರೆ. ಮನೆಗೆ ಬರುವ ದಾದಿ ಕಡ್ಡಿ ಮುರಿದಂತೆ ಹೇಳಿದ್ದಳು: ಶುಕ್ರವಾರದ ಹೊತ್ತಿಗೆ ತೂಕ ಏರದಿದ್ದರೆ ಕೂಸನ್ನು ಆಸ್ಪತ್ರೆಗೆ ಒಯ್ದು ಮೂಗಿನಲ್ಲಿ ನಳಿಕೆ ಹಾಕುತ್ತೇವೆ.

ಹುಲಿಗೆಮ್ಮ ಕೈಕಟ್ಟಿ ಕೂರುವವಳಲ್ಲ. ಸೋಮವಾರವೇ ಕಲ್ಲುಪ್ಪು, ಏಳು ಒಣಮೆಣಸಿನಕಾಯಿ ಹಿಡಿದು ಕೂಸಿಗೆ ಮೂರು ಸುತ್ತು ದೃಷ್ಟಿ ನಿವಾಳಿಸಿ, ಒಲೆಯ ಮೇಲೆ ಕಾದಿದ್ದ ಹಂಚಿಗೆ ಸುರಿದಳು. ಮೆಣಸಿನಕಾಯಿ ಚಟಪಟ ಸಿಡಿದು ಕರ್ರಗೆ ಸುಟ್ಟುಹೋದವು. ಹುಲಿಗೆಮ್ಮ ಮೂಗು ಅರಳಿಸಿದಳು. ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ. ಅವಳ ಮುಖ ಬಿಳಿಚಿತು.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ದೃಷ್ಟಿ ತೆಗೆದು ಸುಟ್ಟ ಮೆಣಸಿನಕಾಯಿ ಘಾಟು ಹಿಡಿದರೆ ದೃಷ್ಟಿ ಆಗಿಲ್ಲ. ಘಾಟು ಹುಟ್ಟದಿದ್ದರೆ ಭಾರೀ ದೃಷ್ಟಿ. ಮಂಗಳವಾರ ಇಪ್ಪತ್ತೊಂದು ಮೆಣಸಿನಕಾಯಿ ಸುಟ್ಟಳು. ಘಾಟಿಲ್ಲ. ಬುಧವಾರ ಒಂದು ಬೊಗಸೆ. ಘಾಟಿಲ್ಲ.

“ಯವ್ವಾ, ಬೊಗಸಿ ಮೆಣಸಿನಕಾಯಿ ಸುಟ್ರೂ ಹನಿ ಘಾಟಿಲ್ಲ! ಇದು ಹೊರಗಿನವರ ಕಣ್ಣಲ್ಲ. ಹಡದಾಕಿ ಕಣ್ಣಿಗಿಂತ ಕೆಟ್ಟ ಕಣ್ಣಿಲ್ಲಂತ ನಮ್ಮವ್ವ ಅಂತಿದ್ಲು. ನೀಲಾ, ನೀ ಆ ಕೂಸಿನ್ನ ಕಣ್ಣಾರೆ ನೋಡಬ್ಯಾಡ. ನನ್ನ ಹಂತ್ಯಾಕ ಕೊಡು.”

ಅಂದೇ ಕೂಸು ಅಜ್ಜಿಯ ಕೋಣೆಗೆ ಹೋಯಿತು. ಹಾಲು ಕಟ್ಟಿ ಎದೆ ಕಲ್ಲಾಗಿ, ಜ್ವರ ಬಂದು, ನೀಲಾಂಬಿಕೆ ಗೋಡೆ ಕಡೆ ತಿರುಗಿ ಅತ್ತಳು. ತನ್ನ ಕಣ್ಣೇ ತನ್ನ ಕೂಸನ್ನು ತಿನ್ನುತ್ತಿದೆ ಎಂದು ಅವಳು ಅರ್ಧ ನಂಬಿಯೂ ಬಿಟ್ಟಿದ್ದಳು. ವಿರೂಪನೂ ಹುಟ್ಟಿದಾಗ ಎದೆಗೆ ಬಾಯಿ ಹಚ್ಚಿರಲಿಲ್ಲ. ಅವನು ಬಾಟಲಿಯನ್ನಾದರೂ ಹಿಡಿದಿದ್ದ, ಹಾಗಾಗಿ ಯಾರೂ ಏಕೆ ಎಂದು ಕೇಳಿರಲಿಲ್ಲ. ಎರಡನೆಯದೂ ಬೇಡವೆಂದಿತು, ಮೂರನೆಯದೂ ಬೇಡವೆನ್ನುತ್ತಿದೆ. ನನ್ನಲ್ಲೇ ಏನೋ ಹೊಲಸಿದೆ ಎಂದುಕೊಂಡಳು.

ಗುರುವಾರ ಬೆಳಿಗ್ಗೆ ಬಾಗಿಲು ತಟ್ಟಿದವಳು ಡಾಕ್ಟರ್ ಐನೊ ಕರ್ಪಿನೆನ್. ಮುಚ್ಚುಕಣಗಳನ್ನು ರೂಪಿಸಿದ ವಿಜ್ಞಾನಿಗಳಲ್ಲಿ ಒಬ್ಬಳು. ಐವತ್ತು ದಾಟಿದ ಹೆಂಗಸು, ತೊಳೆದಿಟ್ಟ ಬಸಿಯಂಥ ಮುಖ.

“ಮೂರು ದಿನಗಳಿಂದ ನಿಮ್ಮ ಮನೆಯ ಯಂತ್ರ ವಿಷದ ಹೊಗೆಯೆಂದು ಸೂಚನೆ ಕಳಿಸುತ್ತಿದೆ. ಇಷ್ಟೊಂದು ಹೊರೆ ಯಾವ ಮನೆಯಲ್ಲೂ ಬಂದಿಲ್ಲ. ಏನು ಸುಡುತ್ತಿದ್ದೀರಿ?” ಎಂದಳು. ಪಂಪಾಪತಿ ಆಕೆಯ ಮಾತನ್ನು ಕನ್ನಡಕ್ಕೆ, ಅತ್ತೆಯ ಮಾತನ್ನು ಅಲ್ಲಿಯ ಭಾಷೆಗೆ ತಿರುಗಿಸುತ್ತಾ ನಡುವೆ ಸಿಕ್ಕಿಬಿದ್ದ.

“ಮೆಣಸಿನಕಾಯಿ ಅಂತ ಹೇಳ್ರಿ ಅಳಿಯಂದ್ರ. ವಿಷ ಅಂತ ವಿಷ! ನಾವು ದಿನಾ ಉಣ್ಣೋದು. ಕೂಸಿನ ಕಣ್ಣೆಸರು ತೆಗಿಯಾಕ ಸುಟ್ಟೀನಿ. ಘಾಟ ಬರವಲ್ದು, ಅದ ನನಗ ಚಿಂತಿ.”

ಐನೊ ನಕ್ಕಳು. “ಘಾಟು ಬರುವುದು ಹೇಗೆ? ಆ ಹೊಗೆಯನ್ನೆಲ್ಲ ನಮ್ಮ ಯಂತ್ರ ನುಂಗಿತಲ್ಲ. ಹೆಮ್ಮೆಯ ವಿಷಯ, ಅಜ್ಜಿ.”

ಪಂಪಾಪತಿ ಹೇಳಿದ್ದನ್ನು ಕೇಳಿ ಹುಲಿಗೆಮ್ಮ ಚಾವಣಿ ನೋಡಿದಳು, ಆಮೇಲೆ ಹಂಚು ನೋಡಿದಳು, ಆಮೇಲೆ ಒಳಕೋಣೆಯಲ್ಲಿ ಮಲಗಿದ್ದ ಮಗಳನ್ನು ನೋಡಿದಳು. ತಾನು ಮಾಡಿದ ಅನ್ಯಾಯ ಆಕೆಗೆ ಅರ್ಥವಾಗಲು ತಡವಾಗಲಿಲ್ಲ.

“ಈ ಹಾಳಾದ್ದು ನುಂಗ್ತದಾ? ಮತ್ತ ಇದರ ಮಾತು ನಂಬಿ ನಾನು ಹಡದ ಮಗಳಿಂದ ಕೂಸಿನ್ನ ಕಸಗೊಂಡ್ನಲ್ಲ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!” ಎಂದು ಹಣೆ ಚಚ್ಚಿಕೊಂಡಳು. ಮರುಕ್ಷಣವೇ ಸೆಟೆದು ಕೇಳಿದಳು, “ಬೊಗಸಿ ಮೆಣಸಿನಕಾಯಿ ಘಾಟನ್ನ ನುಂಗಿದ್ದು ಬ್ಯಾರೆ ಏನೇನು ನುಂಗೇತಿ, ಕೇಳ್ರಿ ಆಕಿನ್ನ.”

“ಎಲ್ಲ ವಾಸನೆಯನ್ನೂ.”

“ಬಾಣಂತಿ ವಾಸನಿ?”

“ಅದನ್ನೂ.”

“ಎದಿಹಾಲಿನ ವಾಸನಿ?”

ಅಜ್ಜಿಯ ತೋಳಿನಲ್ಲಿದ್ದ ಕೂಸು ಬಾಯಿ ತೆರೆದು ಗಾಳಿಯಲ್ಲಿ ಆ ಕಡೆ ಈ ಕಡೆ ಹುಡುಕುತ್ತಿತ್ತು. ಐನೊ ಅದನ್ನೇ ನೋಡಿದಳು.

“ಇದಕ್ಕಿನ್ನೂ ಕಣ್ಣು ಸರಿಯಾಗಿ ಕಾಣುವುದಿಲ್ಲ” ಎಂದಳು ಮೆಲ್ಲಗೆ. “ಹುಟ್ಟಿದ ಕೂಸು ತಾಯಿಯನ್ನು ಗುರುತಿಸುವುದು ಮೂಗಿನಿಂದ. ತಾಯಿಯ ಎದೆಯ ವಾಸನೆ ಹಿಡಿದು ಮೊಲೆ ಹುಡುಕುತ್ತದೆ. ಇದು ಪಠ್ಯಪುಸ್ತಕದಲ್ಲೇ ಇದೆ. ನಾನು ಓದಿದ್ದೇನೆ.” ಕೂಸಿನ ಮೇಲಿಂದ ಕಣ್ಣು ತೆಗೆಯದೆ ಮುಂದುವರಿಸಿದಳು. “ಯಂತ್ರ ಬಂದ ಮೇಲೆ ಎದೆಹಾಲು ಕುಡಿಯುವ ಮಕ್ಕಳು ಅರ್ಧಕ್ಕರ್ಧ ಕಡಿಮೆಯಾದರು. ಬಹುಪಾಲು ಕೂಸುಗಳು ಬಾಟಲಿಗೆ ಒಗ್ಗಿಕೊಂಡವು, ಹಾಗಾಗಿ ಯಾರೂ ಗಾಬರಿಯಾಗಲಿಲ್ಲ. ಇಂದಿನ ತಾಯಂದಿರಿಗೆ ಆಸಕ್ತಿಯಿಲ್ಲ ಎಂದು ನಾವೇ ವರದಿ ಬರೆದೆವು.”

ತಾಯಂದಿರಿಗೆ ಆಸಕ್ತಿಯಿಲ್ಲವಂತೆ! ಛೀ! ಓದಿದವರ ಬುದ್ಧಿ ಹೀಗೂ ಇರುತ್ತದೆ. ಸಾವಿರಾರು ಹೆಂಗಸರು ಬಾಗಿಲು ಹಾಕಿಕೊಂಡು ಅತ್ತಿದ್ದಾರೆ, ಇವರು ಅದಕ್ಕೊಂದು ಕೋಷ್ಟಕ ಮಾಡಿ ನಕ್ಷೆ ಬರೆದಿದ್ದಾರೆ. ಇದನ್ನು ಹೇಳಲೂ ಹೇಸಿಗೆಯಾಗುತ್ತದೆ.

ಪಂಪಾಪತಿ ಈ ಮಾತನ್ನು ಕನ್ನಡಕ್ಕೆ ತಿರುಗಿಸಿ ಮುಗಿಸುವಷ್ಟರಲ್ಲಿ ನೀಲಾಂಬಿಕೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಿದ್ದಳು.

“ಅಂದ್ರ ನನ್ನ ಮಕ್ಕಳು ನನ್ನ ಬ್ಯಾಡ ಅಂದಿಲ್ಲ” ಎಂದಳು.

“ಇಲ್ಲ” ಎಂದಳು ಐನೊ. “ಅವಕ್ಕೆ ನೀವು ಸಿಗಲೇ ಇಲ್ಲ.”

“ಆರಿಸ್ರಿ ಅದನ್ನ.”

ಐನೊ ಕುರ್ಚಿ ಹತ್ತಿ ತನ್ನ ಕೈಯಾರೆ ಯಂತ್ರವನ್ನು ನಿಲ್ಲಿಸಿದಳು. ಹೊಸದು ಬೀಳದಿದ್ದರೆ ಹಳೆಯ ಮುಚ್ಚುಕಣ ಗಂಟೆಯೊಳಗೆ ತಾನೇ ಉದುರುತ್ತದೆ, ಮೈಮೇಲಿನದಕ್ಕೆ ಬಿಸಿನೀರು ಸಾಕೆಂದಳು. ಹುಲಿಗೆಮ್ಮ ಮಗಳಿಗೆ ತಲೆಯಿಂದ ಕಾಲಿನವರೆಗೆ ನೀರು ಹೊಯ್ದು, ಎದೆಯನ್ನು ಸೋಪು ಮುಟ್ಟಿಸದೆ ಮೆಲ್ಲಗೆ ಉಜ್ಜಿ, ಊರಿಂದ ತಂದಿದ್ದ ಹೊಸ ಸೀರೆ ಉಡಿಸಿದಳು. ಆಮೇಲೆ ಕೂಸನ್ನು ಅವಳ ಮಡಿಲಿಗೆ ಹಾಕಿದಳು.

ಅಷ್ಟರಲ್ಲಿ ಮನೆ ನಾರತೊಡಗಿತು. ಅಬ್ಬಬ್ಬಾ, ಅದೇನು ನಾತ! ನಾಲ್ಕು ವರ್ಷ ಮುಚ್ಚಳದಡಿ ಬಿದ್ದಿದ್ದದ್ದೆಲ್ಲ ಒಂದೊಂದಾಗಿ ಎದ್ದಿತು. ನೆಲಹಾಸಿನಲ್ಲಿ ಹಳೆಯ ಉಚ್ಚೆ, ಸೋಫಾದ ಸಂದಿಯಲ್ಲಿ ಕೊಳೆತ ಬಾಳೆಹಣ್ಣಿನ ಸಿಪ್ಪೆ, ಬಚ್ಚಲ ಕೊಳವೆ, ಸುಟ್ಟ ಮೆಣಸಿನಕಾಯಿ, ಪಂಪಾಪತಿಯ ಬೂಟು. ವಾಸನೆ ಬರದ ಮನೆಯನ್ನು ಶುಚಿಯಾದ ಮನೆ ಎಂದು ಇವರು ತಿಳಿದಿದ್ದರು. ಐನೊ ತಾನೇ ಕೈಚೌಕ ತೆಗೆದು ಬಾಯಿಗೆ ಒತ್ತಿಕೊಂಡು ಹೊರಗೋಡಿ ಮೆಟ್ಟಿಲ ಮೇಲೆ ವಾಂತಿ ಮಾಡಿದಳು. “ಮಾಡ್ಲಿ, ತನ್ನ ಕೆಲಸದ ರುಚಿ ತಾನೂ ನೋಡ್ಲಿ” ಎಂದಳು ಹುಲಿಗೆಮ್ಮ.

ಕೂಸು ನೀಲಾಂಬಿಕೆಯ ಎದೆಯ ಬಳಿ ಮೂಗು ತಂದಿತು. ಒಮ್ಮೆ ಸುಮ್ಮನಾಯಿತು. ಕಿರುಚಲಿಲ್ಲ. ಗಲ್ಲ ಒರೆಸುತ್ತಾ ಒರೆಸುತ್ತಾ ಹತ್ತಿರ ಸರಿದು, ಬಾಯಿ ಅಗಲಿಸಿ, ಗಪ್ಪನೆ ಹಿಡಿಯಿತು. ಕಟ್ಟಿದ್ದ ಹಾಲು ಇಳಿಯುವ ನೋವಿಗೆ ನೀಲಾಂಬಿಕೆ ಹಲ್ಲು ಕಚ್ಚಿದಳು. ಕೂಸು ಗುಟುಕ್ ಗುಟುಕ್ ಎಂದು ನುಂಗುವುದು ಬಾಗಿಲವರೆಗೂ ಕೇಳಿಸುತ್ತಿತ್ತು. ಹುಲಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಂಪಾಪತಿ ಅಲ್ಲೇ ನೆಲದ ಮೇಲೆ ಕೂತ. ನಾಳೆ ದಾದಿ ಬಂದರೆ ನಳಿಕೆಯನ್ನು ಚೀಲದಿಂದ ತೆಗೆಯುವ ಕೆಲಸವಿರಲಿಲ್ಲ.

ಮಧ್ಯಾಹ್ನ ಮಯೂರಿ ಮತ್ತು ವಿರೂಪ ಶಿಶುವಿಹಾರದಿಂದ ಬಂದರು. ಮಯೂರಿ ಹೊಸ್ತಿಲಲ್ಲೇ ನಿಂತು ಮೂಗು ಹಿಡಿದು, “ಏನಿದು, ಏನು ಸತ್ತಿದೆ?” ಎಂದಳು. ವಿರೂಪ ಅಮ್ಮನನ್ನು ಕಂಡು ಓಡಿ ಬಂದ. ಜ್ವರವೆಂದು ನಿನ್ನೆಯಿಂದ ಅವನನ್ನು ಅವಳ ಹತ್ತಿರ ಬಿಟ್ಟಿರಲಿಲ್ಲ. ಹಾಸಿಗೆ ಏರಿ ಅವಳ ಕುತ್ತಿಗೆಗೆ ಮುಖ ಒತ್ತಿದವನು ಸಟ್ಟನೆ ಹಿಂದೆ ಸರಿದು, ಕೆಳಗಿಳಿದು, ಗೋಡೆಗೆ ಬೆನ್ನು ಹಚ್ಚಿ ನಿಂತ. ಅವನ ಮೂತಿ ಸೊಟ್ಟಗಾಗಿತ್ತು.

“ಥೂ” ಎಂದ.

“ಬಾರೋ ಬಂಗಾರ, ಹಾಲಿನ ವಾಸನಿ ಅದು. ಸ್ವಲ್ಪ ಬೆಳ್ಳುಳ್ಳಿದು. ಇಕಾ, ನಾನ ಅಲ್ಲೇನು, ನಿಮ್ಮ ಅಮ್ಮ” ಎಂದು ನೀಲಾಂಬಿಕೆ ಕೈ ಚಾಚಿದಳು. ಏಳುವ ಹಾಗಿರಲಿಲ್ಲ, ಕೂಸು ಇನ್ನೂ ಕುಡಿಯುತ್ತಿತ್ತು.

ವಿರೂಪ ಅವಳ ಮುಖವನ್ನು, ಸೀರೆಯನ್ನು, ಹಾಲು ಸೋರಿ ಒದ್ದೆಯಾದ ರವಿಕೆಯನ್ನು ಬಹಳ ಹೊತ್ತು ನೋಡಿದ. ಅವನು ಸುಳ್ಳು ಹೇಳುವ ಹುಡುಗನಲ್ಲ.

“ನಮ್ಮ ಅಮ್ಮಗ ವಾಸನಿ ಇಲ್ಲ” ಎಂದ. ಎರಡು ಕೈಯಿಂದಲೂ ಮೂಗು ಮುಚ್ಚಿಕೊಂಡು, ಅಮ್ಮನನ್ನು ಹುಡುಕಲು ಪಕ್ಕದ ಕೋಣೆಗೆ ಹೋದ.