ಹುಳುಮನೆ ಕಿಟಕಿಯ ಟ್ರೇಲರ್

2025ರ ಫೆಬ್ರವರಿ 19, ಬುಧವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಕುಂದಾಣ ಹೋಬಳಿಯ ರೇಷ್ಮೆ ಬೆಳೆಗಾರ ಕೆಂಪರಾಜ್ ತನ್ನ ಮಗಳು ಚೈತ್ರಳನ್ನು ಕರೆದುಕೊಂಡು ಠಾಣೆಯ ಮೆಟ್ಟಿಲು ಹತ್ತಿದ. ಹುಡುಗಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಕವರಿನೊಳಗೆ ನಾಲ್ಕು ಫೋಟೊ. ನಾಲ್ಕರಲ್ಲೂ ಅವಳದೇ ಬೆನ್ನು. ಪ್ರತಿಯೊಂದರ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: 6.42.

ಎಎಸ್ಐ ಆದಿನಾರಾಯಣಪ್ಪ ಮೂಲೆಯ ಮೇಜಿನಲ್ಲಿ ಕೂತು ನೋಡುತ್ತಿದ್ದ. ಎಸ್‌ಎಸ್‌ಎಲ್‌ಸಿಯನ್ನು ಎರಡು ಸಲ ಬರೆದು, ಕಾನ್‌ಸ್ಟೇಬಲ್ ಆಗಿ ಸೇರಿ, ಮೂವತ್ತೈದು ವರ್ಷ ತಳ್ಳಿದ ಮನುಷ್ಯ. ಓದುವುದು ನಿಧಾನ, ಮರೆಯುವುದು ಇಲ್ಲವೇ ಇಲ್ಲ.

"ಏನಾಯ್ತಮ್ಮಾ?" ಎಂದು ಇನ್‌ಸ್ಪೆಕ್ಟರ್ ರವಿಚಂದ್ರ ಕೇಳಿದರು.

ಹುಡುಗಿ ಬಾಯಿ ತೆಗೆಯುವ ಮೊದಲೇ ಅಪ್ಪ ಮಾತಾಡಿದ. "ಯಾವನೋ ಇವಳ ಹಿಂದೆ ಬಿದ್ದವ್ನೆ ಸಾ. ಹುಳುಮನೆ ಕಿಟಕಿಗೆ ಫೋಟೊ ಅಂಟಿಸ್ತಾನೆ. ದಿನಾ ಸಾಯಂಕಾಲ ಇವಳು ಅಲ್ಲಿಗೋಗೋ ಹೊತ್ತನ್ನೇ ಮೂಲೇಲಿ ಬರ್ದವ್ನೆ. ನಿನ್ನೆ ಸಾಯಂಕಾಲ ಸೊಪ್ಪು ತರಕ್ಕೋದಾಗ ತೋಟದಲ್ಲೇ ನಿಂತಿದ್ನಂತೆ, ಮುಖಕ್ಕೆ ಏನೋ ಹಾಕ್ಕೊಂಡು. ಸೋಮವಾರದಿಂದ ಕಾಲೇಜು ಬೇಡ ಅಂತ ತೀರ್ಮಾನ ಮಾಡ್ಬಿಟ್ಟಿದೀನಿ."

"ಅಪ್ಪಾ, ಮೂರೇ ತಿಂಗಳು ಉಳಿದಿರೋದು."

"ಮೂರ್ ದಿನ ಉಳಿದಿದ್ರೂ ಬೇಡ."

ಹೆಣ್ಣುಮಗಳ ಹೇಳಿಕೆಯನ್ನು ಮಹಿಳಾ ಸಿಬ್ಬಂದಿಯೇ ಬರೆದುಕೊಳ್ಳಬೇಕು. ಮಹಿಳಾ ಹೆಡ್ ಕಾನ್‌ಸ್ಟೇಬಲ್ ಅಕ್ಷತ ಅವಳನ್ನು ಒಳಗಿನ ಕೋಣೆಗೆ ಕರೆದೊಯ್ದಳು. ನಲವತ್ತು ನಿಮಿಷದ ಮೇಲೆ ಹೊರಬಂದ ಹಾಳೆಗಳಲ್ಲಿ ಒಂದು ಹೊಸ ವಿಷಯವಿತ್ತು. ಚೈತ್ರ ಓದುತ್ತಿದ್ದ ಖಾಸಗಿ ಕಾಲೇಜಿನಲ್ಲಿ ಹುಡುಗರು ಸೇರಿ ಒಂದು ಭಯಾನಕ ಸಿನಿಮಾದ ಟ್ರೇಲರ್ ಮಾಡಲು ಹೊರಟಿದ್ದರು. ಕತೆ, ಒಬ್ಬಳ ಹಿಂದೆ ಬೀಳುವವನದು. ಚೈತ್ರ ಆ ತಂಡದಲ್ಲಿ ಶಬ್ದ ರೆಕಾರ್ಡ್ ಮಾಡುವವಳು.

"ಅಂದ್ರೆ ಇದೆಲ್ಲ ನಿಮ್ಮ ಸಿನಿಮಾದ್ದೇ ಆಟ ಇರಬೋದಲ್ಲ?" ಎಂದರು ರವಿಚಂದ್ರ.

"ಶೂಟಿಂಗ್ ಇನ್ನೂ ಶುರುವೇ ಆಗಿಲ್ಲ ಸರ್. ಬರೀ ಪ್ಲಾನಿಂಗ್ ನಡೀತಿದೆ. ಫೆಬ್ರವರಿ ಒಂಬತ್ತಕ್ಕೆ ಲೊಕೇಶನ್ ನೋಡೋಕೆ ಅಂತ ಎಲ್ಲರೂ ನಮ್ಮನೆಗೆ ಬಂದಿದ್ರು. ಅದೇ ಮೊದಲು, ಅದೇ ಕೊನೆ. ನನಗೆ ಮೊದಲ ಫೋಟೊ ಸಿಕ್ಕಿದ್ದು ಜನವರಿ ಕೊನೇಲಿ."

ಹನ್ನೊಂದೂವರೆಗೆ ಎಫ್‌ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆ, ಕಲಂ 78.

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ. ಕೆಂಪರಾಜ್‌ನ ಮನೆಯ ಪಕ್ಕದಲ್ಲಿ ರೇಷ್ಮೆ ಹುಳು ಸಾಕುವ ಶೀಟಿನ ಹುಳುಮನೆ, ಅದರ ಮುಂದೆ ಅಂಗಳ, ಅಂಗಳ ದಾಟಿದರೆ ಹಿಪ್ಪುನೇರಳೆ ತೋಟ. ರವಿಚಂದ್ರ ನೇರ ಹುಳುಮನೆಯ ಬಾಗಿಲಿಗೆ ನಡೆದರು. ಬಾಗಿಲಲ್ಲಿ ಕೆಂಪರಾಜ್‌ನ ತಾಯಿ ಗಂಗಲಕ್ಷ್ಮಮ್ಮ ನಿಂತಿದ್ದಳು, ಕಂಬ ನಿಂತಂತೆ.

"ಬೂಟ್ ಬಿಚ್ಚಪ್ಪ."

"ಅಜ್ಜೀ, ಪೊಲೀಸು."

"ಕಣ್ ಕಾಣ್ತವೆ ನಂಗೆ. ಹುಳ ಮೂರನೇ ಜ್ವರಕ್ಕೆ ಕೂತವೆ. ಬೂಟ್ ಬಿಚ್ಚಿ, ಆ ಬ್ಲೀಚಿಂಗ್ ನೀರಲ್ಲಿ ಕಾಲ್ ಅದ್ದಿ ಬಾ. ಮಾತು ಮೆತ್ತಗೆ."

ರವಿಚಂದ್ರ ಬೂಟು ಬಿಚ್ಚಿದರು. ಆದಿನಾರಾಯಣಪ್ಪ ಆಗಲೇ ಬಿಚ್ಚಿ ನಿಂತಿದ್ದ. ಅವನ ತಾಯಿಯೂ ಹುಳು ಸಾಕಿದವಳೇ. ಪೊರೆ ಬಿಡುವ ಹುಳು ತಲೆಯೆತ್ತಿ ಅಲ್ಲಾಡದೆ ಕೂತಾಗ ಮನೆಯಲ್ಲಿ ಕೆಮ್ಮಿದರೂ ಅವಳು ಕೆಕ್ಕರಿಸಿ ನೋಡುತ್ತಿದ್ದಳು.

ಕಿಟಕಿಯ ಸರಳಿನ ಮೇಲೆ ಗೋಂದಿನ ಗುರುತು ನಾಲ್ಕು ಕಡೆ ಇತ್ತು. ತೋಟದ ಮೂರನೇ ಸಾಲಿನಲ್ಲಿ ಕಡ್ಡಿ ಮುರಿದಿತ್ತು. ಅಲ್ಲೇ ಮಣ್ಣಿನಲ್ಲಿ ಒಂದು ಮುಖವಾಡ ಬಿದ್ದಿತ್ತು: ಬಿಳಿ ಬಟ್ಟೆ, ಕಣ್ಣಿನ ಜಾಗದಲ್ಲಿ ಎರಡು ಕೋಟಿನ ಗುಂಡಿ. ಕಾಗದದಲ್ಲಿ ಸುತ್ತಿ ಮೊಹರು ಹಾಕಿದರು.

"ಇದು ನಮ್ಮ ಟೀಮ್‌ದು. ನವೀನ್ ಹಾಕ್ಕೊಳೋದಕ್ಕೆ ಮಾಡ್ಸಿದ್ದು," ಎಂದಳು ಚೈತ್ರ.

ಮೂರು ಗಂಟೆಗೆ ಕಾಲೇಜು. ಪ್ರಾಂಶುಪಾಲರು ಎರಡು ಸಲ ನೀರು ಕೊಡಿಸಿದರು, ಕಾಲೇಜಿನ ಹೆಸರು ಪೇಪರಿನಲ್ಲಿ ಬರಬಾರದು ಎಂದು ಮೂರು ಸಲ ಹೇಳಿದರು. ಹುಡುಗಿ ಹೇಗಿದ್ದಾಳೆ ಎಂದು ಮಾತ್ರ ಒಂದು ಸಲವೂ ಕೇಳಲಿಲ್ಲ.

ಟ್ರೇಲರ್ ತಂಡ ಒಂದು ಕೋಣೆಯಲ್ಲಿ ಕೂತಿತ್ತು. ಬಿಳಿ ಬೋರ್ಡಿನ ಮೇಲೆ "ಭಯವೇ ಹೀರೊ" ಎಂದು ಬರೆದು ಅದರ ಕೆಳಗೆ ಮೂರು ಗೆರೆ ಎಳೆದಿದ್ದರು. ನಿರ್ದೇಶಕನ ಹೆಸರು ಅಂಜನ್. ಸಿನಿಮಾ ಇನ್ನೂ ಒಂದು ನಿಮಿಷವೂ ಆಗಿರಲಿಲ್ಲ. ನಿರ್ದೇಶಕನ ಟೋಪಿ ಮಾತ್ರ ಆಗಲೇ ಮಾಸಿತ್ತು.

"ಸರ್, ಇದು ಸೈಕಾಲಜಿಕಲ್ ಹಾರರ್. ನಾವು ಆಡಿಯನ್ಸ್‌ಗೆ ರಿಯಲ್ ಫಿಯರ್ ಕೊಡ್ಬೇಕು."

ಆದಿನಾರಾಯಣಪ್ಪ ಭಯವನ್ನು ಕಂಡಿದ್ದ. ಹೆದ್ದಾರಿಯ ಅಪಘಾತವಾದ ದಿನ ಒಬ್ಬ ತಾಯಿ ಶವಾಗಾರದ ಬಾಗಿಲಲ್ಲಿ, ದೇವಸ್ಥಾನಕ್ಕೆ ಬಂದವಳ ಹಾಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದಳು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆ ಚಪ್ಪಲಿಯ ಬಾರು ಹಸಿರು ಎನ್ನುವುದೂ ಅವನಿಗೆ ನೆನಪಿತ್ತು. ಈ ಟೋಪಿಯವನು ಬೋರ್ಡಿನ ಮೇಲೆ ಭಯ ಬರೆದು ಗೆರೆ ಎಳೆಯುತ್ತಾನೆ.

"ಕುಂದಾಣಕ್ಕೆ ಯಾವಾಗ ಹೋಗಿದ್ದೆ?" ರವಿಚಂದ್ರ ಕೇಳಿದರು.

"ಒಂಬತ್ತನೇ ತಾರೀಕು, ಟೀಮ್ ಜೊತೆ."

"ಅದಕ್ಕೆ ಮುಂಚೆ?"

"ಇಲ್ಲ ಸರ್. ಆ ಕಡೆ ದಾರೀನೂ ಗೊತ್ತಿರ್ಲಿಲ್ಲ."

"ಮುಖವಾಡ ಯಾರ ಹತ್ರ ಇರುತ್ತೆ?"

"ಇದೇ ಬೀರೂನಲ್ಲಿ. ಕೀ ನನ್ ಹತ್ರ ಒಂದು, ನವೀನ್ ಹತ್ರ ಒಂದು." ಅಂಜನ್ ದನಿ ತಗ್ಗಿಸಿದ. "ಸರ್, ಹೇಳ್ಬಾರ್ದು. ಆದ್ರೆ ನವೀನ್ ಕ್ಯಾರೆಕ್ಟರ್ ಒಳಗೆ ತುಂಬಾ ಹೋಗ್ಬಿಟ್ಟಿದಾನೆ."

ಗೆಳೆಯನನ್ನು ಹೀಗೆ ತಟ್ಟೆಯಲ್ಲಿಟ್ಟು ಕೊಟ್ಟು, ತಮ್ಮದೆಲ್ಲ ಬರೀ ಕಲೆ ಎಂದು ತೋರಿಸಲು ತನ್ನ ದಪ್ಪ ನೋಟ್‌ಬುಕ್ಕನ್ನೂ ಮುಂದಿಟ್ಟ. ಹಾಳೆ ಹಾಳೆಗೂ ದೃಶ್ಯದ ಚಿತ್ರ, ಪಕ್ಕದಲ್ಲಿ ತಾರೀಕು, ಕೆಳಗೆ ಸಹಿ. ರವಿಚಂದ್ರ ಅದನ್ನು ಜಪ್ತಿ ಪಂಚನಾಮೆಗೆ ಸೇರಿಸಿದರು. ಅಂಜನ್‌ಗೆ ಒಳಗೊಳಗೇ ಹಿಗ್ಗಾದದ್ದು ಮುಖದಲ್ಲಿ ಕಂಡಿತು.

ಸಂಜೆ ಐದಕ್ಕೆ ನವೀನ್‌ಕುಮಾರ್ ಠಾಣೆಯ ಬೆಂಚಿನ ಮೇಲಿದ್ದ. ಆರಡಿ ಆಳು.

"ಮಂಗಳವಾರ ಸಾಯಂಕಾಲ ಎಲ್ಲಿದ್ದೆ?"

"ಡ್ಯೂಟೀಲಿ ಸರ್. ಏರ್‌ಪೋರ್ಟ್ ಹತ್ರ ಹೋಟೆಲ್ ಲಾಂಡ್ರಿ. ಐದರಿಂದ ಹತ್ತು."

"ಸಾಕ್ಷಿ?"

"ಹೆಬ್ಬೆಟ್ಟು ಒತ್ತಿ ಒಳಗೆ ಹೋಗ್ಬೇಕು ಸರ್. ಒಳಗೆ ಹೋದ್ರೆ ಸೂಪರ್‌ವೈಸರ್ ಉಚ್ಚೆಗೂ ಬಿಡಲ್ಲ."

ಅಕ್ಷತ ನಗು ತಡೆದುಕೊಂಡಳು. ಆರೂ ಕಾಲಿಗೆ ಹೋಟೆಲಿನಿಂದ ಹಾಜರಾತಿ ಬಂತು. ಜನವರಿಯಿಂದ ಒಂದು ಸಂಜೆಯೂ ತಪ್ಪಿಸಿಕೊಂಡವನಲ್ಲ. ನವೀನ್ ಹೋಗುವಾಗ ಬಾಗಿಲಲ್ಲಿ ನಿಂತ.

"ಸರ್, ನನ್ನ ಹೆಸರು ಹೇಳಿದ್ದು ಯಾರು?"

ರವಿಚಂದ್ರ ಮೇಜಿನ ಮೇಲಿದ್ದ ದಪ್ಪ ನೋಟ್‌ಬುಕ್ ಮುಚ್ಚಿದರು. ಅವನಿಗೆ ಗೊತ್ತಾಯಿತು.

ಗುರುವಾರ ಬೆಳಿಗ್ಗೆ ಆದಿನಾರಾಯಣಪ್ಪ ನೋಟ್‌ಬುಕ್ ತೆಗೆದುಕೊಂಡು ಕೂತ. ಇಂಗ್ಲಿಷ್ ಅಕ್ಷರಗಳನ್ನು ಬಿಟ್ಟು ಚಿತ್ರಗಳನ್ನಷ್ಟೇ ನೋಡಿದ. ಇಪ್ಪತ್ಮೂರನೇ ಹಾಳೆಗೆ ಬಂದಾಗ ಬೆರಳು ನಿಂತಿತು.

ತೋಟದ ಕಡೆಯಿಂದ ನೋಡಿದ ಹುಳುಮನೆ. ಕಿಟಕಿಯೊಳಗೆ ಕುಕ್ಕೆ ಹಿಡಿದ ಹುಡುಗಿ. ಅಂಗಳದ ತುಂಬ ಬಿದಿರಿನ ದೊಡ್ಡ ಚೌಕದ ತಟ್ಟಿಗಳು, ತಟ್ಟಿಯ ಮೇಲೆಲ್ಲ ಸುರುಳಿ ಸುರುಳಿಯಾಗಿ ಸುತ್ತಿದ ಬಿದಿರಿನ ಪಟ್ಟಿ. ಮುಂದಿನ ತಟ್ಟಿಯ ಮೂಲೆ ಮುರಿದಿದ್ದು, ಅದಕ್ಕೆ ಕೆಂಪು ಪೆನ್ಸಿಲಿನಲ್ಲಿ ಒಂದು ಕಟ್ಟು ಬಿಡಿಸಿತ್ತು. ಪಕ್ಕದಲ್ಲಿ ಬರೆದಿತ್ತು: "ಸ್ಪೈರಲ್ ಬೋರ್ಡ್ಸ್. ಹಳ್ಳಿ ಮಾಟದ ಸಾಮಾನು? ಸೂಪರ್!" ತಾರೀಕು: 20 ಜನವರಿ.

ಆದಿನಾರಾಯಣಪ್ಪ ಕನ್ನಡಕ ತೆಗೆದು ಒರೆಸಿದ. ಹನ್ನೊಂದು ವರ್ಷದವನಾಗಿದ್ದಾಗ ಇಂಥವನ್ನೇ ತಲೆಯ ಮೇಲೆ ಹೊತ್ತು ಊರಿಂದ ಊರಿಗೆ ನಡೆದಿದ್ದ. ಚಂದ್ರಿಕೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ತಟ್ಟಿ. ಮಾಟವಂತೆ!

ಯಾರಿಗೂ ಹೇಳದೆ ಹತ್ತು ಗಂಟೆಯ ಬಸ್ಸು ಹಿಡಿದು ಕುಂದಾಣದ ಕಡೆ ಹೋದ.

"ಅಕ್ಕಾ, ಹೋದ ಬೆಳೇಲಿ ಚಂದ್ರಿಕೆ ಯಾವಾಗ ಹಾಕಿದ್ರಿ?"

ಗಂಗಲಕ್ಷ್ಮಮ್ಮ ಬೆರಳು ಮಡಚಿದಳು. "ಸಂಕ್ರಾಂತಿ ಆಗಿ ಮೂರನೇ ದಿನ ಹುಳ ಹಣ್ಣಾದ್ವು. ಅವತ್ತೇ ಚಂದ್ರಿಕೆ ಬಾಡಿಗೆಗೆ ಕೊಡೋ ಸಿದ್ದರಾಜು ಟೆಂಪೋಲಿ ತಂದ. ಆರನೇ ದಿನಕ್ಕೆ ಗೂಡು ಬಿಡಿಸಿ ವಾಪಸ್ ಕಳಿಸ್ದೆ."

"ಅದಾದ್ಮೇಲೆ ಅಂಗಳದಲ್ಲಿ ಚಂದ್ರಿಕೆ ಇತ್ತಾ?"

"ಯಾಕಿರ್ತದೆ? ಈ ಬೆಳೆ ಇನ್ನೂ ಹಣ್ಣಾಗ್ಬೇಕಲ್ಲ. ಆ ಸಿನಿಮಾ ಹುಡುಗ್ರು ಬಂದಾಗ ಅಂಗಳ ಬೋಳು. ನಾನು ಹುಳುಮನೆ ತೊಳೀತಿದ್ದೆ."

ಅವನು ಹಾಳೆ ತೋರಿಸಿದ. ಮುದುಕಿ ಕಣ್ಣು ಕಿರಿದು ಮಾಡಿ ಕೆಂಪು ಕಟ್ಟಿನ ಮೇಲೆ ಬೆರಳಿಟ್ಟಳು.

"ಇದು ನನ್ ಸೀರೆ ಸೆರಗು. ಸಿದ್ದರಾಜು ಮುರುಕ್ಲು ಚಂದ್ರಿಕೆ ತಂದಿದ್ದ, ನಾನೇ ಹರ್ದು ಕಟ್ದೆ. ಯಾವನ್ಲಾ ಇದನ್ನ ನೋಡ್ದೋನು?"

ಸಿದ್ದರಾಜುವಿನ ಮನೆಯಲ್ಲಿ ಆ ಚಂದ್ರಿಕೆ ಸಿಕ್ಕಿತು. ಕೆಂಪು ಕಟ್ಟನ್ನು ಅವನು ಬಿಚ್ಚಿರಲಿಲ್ಲ. ಮಧ್ಯಾಹ್ನ ಒಂದೂವರೆಗೆ ಇನ್ನೊಂದು ಪಂಚನಾಮೆ. ಅದೇ ದಿನ ಅಂಜನ್‌ನ ಮೊಬೈಲ್ ಯಾವಾಗ ಎಲ್ಲಿತ್ತು ಎಂಬ ಟವರ್ ವಿವರಕ್ಕೆ ಪತ್ರ ಹೋಯಿತು.

ಶುಕ್ರವಾರ, ಫೆಬ್ರವರಿ 21, ಬೆಳಿಗ್ಗೆ ಹನ್ನೊಂದಕ್ಕೆ ಅಂಜನ್ ಠಾಣೆಗೆ ಬಂದ, ಟೋಪಿ ಸಮೇತ. ಪ್ರಶ್ನೆ ಕೇಳುವುದನ್ನು ರವಿಚಂದ್ರ ಆದಿನಾರಾಯಣಪ್ಪನಿಗೇ ಬಿಟ್ಟರು.

"ಈ ಚಿತ್ರ ಯಾರಪ್ಪಾ ಬರೆದಿದ್ದು?"

"ನಾನೇ ಅಂಕಲ್."

"ತಾರೀಕು?"

"ನನ್ ಹ್ಯಾಂಡ್‌ರೈಟಿಂಗೇ. ಅವತ್ತಿಂದು ಅವತ್ತೇ ಡೇಟ್ ಹಾಕ್ತೀನಿ. ಮುಂದೆ ಫೇಮಸ್ ಆದಾಗ ಬೇಕಾಗುತ್ತೆ."

"ನೋಡಿ ಬರೆದಿದ್ದೋ?"

"ಕಂಪ್ಲೀಟ್ ಇಮ್ಯಾಜಿನೇಶನ್."

"ಈ ಸುರುಳಿ?"

"ಅದೂ ಇಮ್ಯಾಜಿನೇಶನ್. ನೋಡಿದ್ರೆ ಮೈ ಜುಮ್ ಅನ್ಬೇಕು, ಹಂಗೆ."

"ಈ ಕೆಂಪು ಕಟ್ಟು?"

"ರೆಡ್ ಅಂದ್ರೆ ಬ್ಲಡ್ ಅಂಕಲ್. ಸಿಂಬಲ್ಲು."

ಆದಿನಾರಾಯಣಪ್ಪ ಎದ್ದು ಒಳಗಿನ ಬಾಗಿಲು ತೆರೆದ. ಗೋಡೆಗೆ ಒರಗಿಸಿದ್ದ ಚಂದ್ರಿಕೆಯನ್ನು ಈಚೆಗೆ ಎಳೆದು ಅವನ ಮುಂದೆ ನಿಲ್ಲಿಸಿದ. ಸುರುಳಿ, ಮುರಿದ ಮೂಲೆ, ಕೆಂಪು ಸೆರಗಿನ ಚೂರು.

"ಇದಕ್ಕೆ ಚಂದ್ರಿಕೆ ಅಂತಾರಪ್ಪಾ. ರೇಷ್ಮೆ ಹುಳ ಇದರಲ್ಲಿ ಗೂಡು ಕಟ್ತದೆ. ಇದು ಆ ಅಂಗಳದಲ್ಲಿ ಇದ್ದಿದ್ದು ಬರೀ ಆರು ದಿನ, ಜನವರಿ ಹದಿನೇಳರಿಂದ ಇಪ್ಪತ್ತೆರಡು. ನೀನು ಹೇಳೋ ಒಂಬತ್ತನೇ ತಾರೀಕು ಅಲ್ಲಿ ಒಂದು ಕಡ್ಡೀನೂ ಇರ್ಲಿಲ್ಲ. ನಿನ್ನ ಇಮ್ಯಾಜಿನೇಶನ್ನು ನಮ್ಮ ಗಂಗಲಕ್ಷ್ಮಮ್ಮನ ಸೆರಗು ಹರೀತೇನೋ?"

ಅಂಜನ್ ಟೋಪಿ ತೆಗೆದ. ಟೋಪಿಯಿಲ್ಲದ ತಲೆ ಸಣ್ಣದಾಗಿ ಕಂಡಿತು.

ಹನ್ನೆರಡೂ ಹತ್ತಕ್ಕೆ ಟವರ್ ವಿವರ ಬಂತು. ಜನವರಿ 16ರಿಂದ ಫೆಬ್ರವರಿ 18ರವರೆಗೆ ಹನ್ನೊಂದು ಸಂಜೆ ಅವನ ಮೊಬೈಲ್ ಕುಂದಾಣದ ಟವರ್‌ನಲ್ಲಿತ್ತು. ಮೊಬೈಲ್ ಜಪ್ತಿಯಾಯಿತು. ಅದರಲ್ಲಿ ಅರವತ್ತೇಳು ವಿಡಿಯೊ, ಎಲ್ಲವೂ ಚೈತ್ರಳವೇ. ಒಂದೂ ಹತ್ತಕ್ಕೆ ದಸ್ತಗಿರಿ ಮೆಮೊ ಬರೆದು, ಅವನ ತಂದೆಗೆ ಫೋನಿನಲ್ಲಿ ತಿಳಿಸಿದರು. ಸಹಿ ಹಾಕುವ ಮುನ್ನ ಅಂಜನ್ ಕೇಳಿದ:

"ಸರ್, ಇದನ್ನ ಯಾರಾದ್ರೂ ಶೂಟ್ ಮಾಡ್ಕೋತಿದೀರಾ?"

"ಮೊದ್ಲು ಸಹಿ ಹಾಕೋ," ಎಂದರು ರವಿಚಂದ್ರ.

ಯಾಕೆ ಮಾಡಿದೆ ಎಂದು ಕೇಳಿದಾಗ ಅವನು ಹೇಳಿದ್ದು ಅರ್ಧ ಪುಟವೂ ತುಂಬಲಿಲ್ಲ. ಪ್ರೀತಿಯಲ್ಲ, ದ್ವೇಷವೂ ಅಲ್ಲವಂತೆ. ಜನವರಿ ಹತ್ತರಂದು ತಂಡದ ಮುಂದೆ ಅವನು ಮೊದಲ ಸಲ ಕತೆ ಓದಿದ. ದೆವ್ವದಂಥವನು ಕಿಟಕಿಗೆ ಬರುವ ಕಡೆ ಚೈತ್ರ ನಕ್ಕುಬಿಟ್ಟಳು. "ಇವನಿಗಿಂತ ನಮ್ಮಜ್ಜಿ ಚೆನ್ನಾಗಿ ಹೆದರಿಸ್ತಾರೆ ಗುರು," ಎಂದಳು. ಎಲ್ಲರೂ ನಕ್ಕರು. ನಕ್ಕವಳ ಮುಖದಲ್ಲೇ ಭಯ ತರಿಸಿ, ಅದನ್ನೇ ಟ್ರೇಲರ್‌ನ ಕೊನೆಯ ಚಿತ್ರ ಮಾಡಬೇಕು ಎಂದು ಅವನು ಅವತ್ತೇ ಹಠ ಹಿಡಿದ.

ಇಷ್ಟೇ. ಒಂದು ನಗು. ಆದಿನಾರಾಯಣಪ್ಪ ಆ ಅರ್ಧ ಪುಟವನ್ನು ಎರಡು ಸಲ ಓದಿದ. ಇನ್ನೇನಾದರೂ ಇರಬಹುದೆಂದು ಹಾಳೆಯ ಹಿಂಬದಿಯನ್ನೂ ತಿರುವಿ ನೋಡಿದ. ಖಾಲಿಯಿತ್ತು.

ನಾಲ್ಕು ಗಂಟೆಗೆ ಚೈತ್ರ ವಿಡಿಯೊ ಗುರುತಿಸಲು ಅಪ್ಪನ ಜೊತೆ ಬಂದಳು. ಕೆಂಪರಾಜ್ ಕೂರಲಿಲ್ಲ.

"ಸಿಕ್ಕಿದ್ನಲ್ಲ, ಸಂತೋಷ ಸಾ. ಆದ್ರೂ ಊರೆಲ್ಲ ಸುದ್ದಿ ಆಗ್ಹೋಯ್ತು. ಕಾಲೇಜು ಬೇಡ."

"ಕೆಂಪರಾಜ್," ಎಂದ ಆದಿನಾರಾಯಣಪ್ಪ, "ತಪ್ಪು ಮಾಡ್ದೋನ್ನ ನಾನು ಒಳಗೆ ಹಾಕಿದೀನಿ. ಈಗ ಇವಳನ್ನ ನೀನು ಒಳಗೆ ಹಾಕ್ತೀಯಾ? ಯಾವ ಕಲಮ್ಮು?"

ಕೆಂಪರಾಜ್ ಮಗಳ ಕುರ್ಚಿಯ ಹಿಂದೆ ಹೋಗಿ ನಿಂತ.

ಅಕ್ಷತ ವಿಡಿಯೊಗಳನ್ನು ಒಂದೊಂದಾಗಿ ತೋರಿಸಿದಳು. ಬೆನ್ನು, ಜಡೆ, ಕುಕ್ಕೆ, ಮತ್ತೆ ಬೆನ್ನು. ಅವನಿಗೆ ಬೇಕಾಗಿದ್ದ ಮುಖ ಅರವತ್ತಾರರಲ್ಲಿ ಎಲ್ಲೂ ಇರಲಿಲ್ಲ. ಕೊನೆಯದು ಮಂಗಳವಾರದ್ದು. ತೋಟದ ಸಾಲು, ಅವಳು ಥಟ್ಟನೆ ತಿರುಗುತ್ತಾಳೆ, ಕೈಯಲ್ಲಿ ಸೊಪ್ಪು ಕೊಯ್ಯುವ ಕುಡುಗೋಲು. ಮುಖ ಕಾಣುವ ಮೊದಲೇ ಚಿತ್ರ ಕುಲುಕಿ ಆಕಾಶ, ಕಡ್ಡಿ, ಮಣ್ಣು. ಆಮೇಲೆ ಚಿತ್ರವೇ ಇಲ್ಲ, ಬರೀ ಸದ್ದು. ಓಡುವ ಕಾಲು, ಏದುಸಿರು, ಅಳುವಂಥ ಗಂಡು ದನಿಯಲ್ಲಿ ಯಾರೋ "ಅಮ್ಮಾ, ಅಮ್ಮಾ" ಎನ್ನುವುದು. ಹತ್ತೊಂಬತ್ತು ಸೆಕೆಂಡು.

"ಇನ್ನೊಂದ್ಸಲ ಹಾಕಿ ಮೇಡಂ," ಎಂದಳು ಚೈತ್ರ.

ಅಕ್ಷತ ಮತ್ತೆ ಹಾಕಿದಳು. ಹುಡುಗಿ ಕಣ್ಣು ಮುಚ್ಚಿ, ತನ್ನ ಕೆಲಸದವಳ ಹಾಗೆ ಕಿವಿಗೊಟ್ಟು ಕೇಳಿದಳು.

"ಸೌಂಡ್ ಚೆನ್ನಾಗಿ ಬಂದಿದೆ," ಎಂದಳು.

ಹೇಳಿ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದೆ, ಕಣ್ಣಲ್ಲಿ ನೀರು ಬರುವಷ್ಟು. ಗೋಡೆಯಾಚೆ ಲಾಕಪ್ಪಿನಲ್ಲಿ ಕೂತವನಿಗೆ ಅದು ಕೇಳಿಸಿತು. ಕೆಂಪರಾಜ್ ಮಗಳನ್ನು ನೋಡುತ್ತಾ ನಿಂತಿದ್ದವನು ಕೇಳಿದ:

"ಸೋಮವಾರ ನಿನ್ ಬಸ್ಸು ಎಷ್ಟೊತ್ತಿಗಮ್ಮಾ?"