ತಾತನ ಎಡಗಡೆ

ತಟ್ಟೆಯಿಂದ ಎರಡನೇ ಬಿಸ್ಕತ್ತು ಎತ್ತಿದರೂ ತಾತ ಕಮಕ್ ಕಿಮಕ್ ಎನ್ನಲಿಲ್ಲ. ಮೊಮ್ಮಗಳು ಚಿನಕುರಳಿಗೆ ಖುಷಿಯೋ ಖುಷಿ!

ತಾತನದು ವಾಚ್ ರಿಪೇರಿ ಅಂಗಡಿ. ಶಾಲೆ ಬಿಟ್ಟ ಮೇಲೆ ಅವಳೂ ಅಲ್ಲೇ. ಮೊದಲೆಲ್ಲ ತಲೆ ತಿರುಗಿಸದೆಯೇ ಅವಳ ಕೈಗೆ ಪಟ್ಟನೆ ಒಂದೇಟು ಕೊಡುತ್ತಿದ್ದರು, ಅಂಥ ಹದ್ದಿನ ಕಣ್ಣು. ಈಗ ಅವಳದೇ ರಾಜ್ಯ.

ಮೂರನೆಯದನ್ನು ಬಾಯಿಗೆ ತುರುಕಿಕೊಂಡು, ತಾತನ ಎಡಭುಜದ ಪಕ್ಕ ನಿಂತು ನಾಲಿಗೆ ಚಾಚಿದಳು. ತಾತ ಎದುರಿನ ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು. ಕೋತಿಯ ಹಾಗೆ ಮೂತಿ ಮಾಡಿದಳು. ಉಹೂಂ. ಕೈ ಬೀಸಿದಳು. ಉಹೂಂ!

ಬೀಸುತ್ತಿದ್ದ ಕೈ ಇಳಿಸಿದಳು. ಬೆಳಗ್ಗೆ ಅಮ್ಮ ತಾತನ ಜೊತೆ ಜಗಳವಾಡಿದ್ದು ನೆನಪಾಯಿತು.

"ಅಪ್ಪಾ, ಗ್ಲಾಕೋಮಾ ಅಂದ್ರೆ ತಮಾಷೆ ಅಲ್ಲ. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ಪಕ್ಕದ್ದೆಲ್ಲ ಕಾಣದ ಹಾಗಾಗುತ್ತೆ, ನಮಗೆ ಗೊತ್ತೇ ಆಗಲ್ಲ. ಹೋದ ನೋಟ ವಾಪಸ್ ಬರಲ್ಲ. ದಿನಾ ಡ್ರಾಪ್ಸ್ ಹಾಕ್ಕೊಂಡ್ರೆ ಇರೋದಾದ್ರೂ ಉಳಿಯುತ್ತೆ."

"ಸಾಸಿವೆಯಷ್ಟು ಸ್ಕ್ರೂ ಕಾಣುತ್ತೆ ನಂಗೆ! ಆ ಡ್ರಾಪ್ಸ್ ಬರೀ ಉರಿ" ಎಂದು ತಾತ ಮಾತು ಹಾರಿಸಿಬಿಟ್ಟಿದ್ದರು. ಬಾಟ್ಲಿ ಅಂಗಡಿಯ ಡ್ರಾಯರಿನಲ್ಲಿ ಸೀಲ್ ಕೂಡ ಒಡೆಯದೆ ಬಿದ್ದಿತ್ತು.

"ತಾತ, ಗಡಿಯಾರ ಬಿಟ್ಟು ಬೇರೆಲ್ಲೂ ನೋಡ್ಬಾರ್ದು. ನನ್ನ ಬೆರಳು ಎಷ್ಟು?"

"ತೋರಿಸಿದ್ರೆ ತಾನೇ ಹೇಳೋದು, ತರಲೆ!"

"ಐದೂ ತೋರಿಸ್ತಿದೀನಿ."

ಅವಳು ಕೈಯನ್ನು ಮೆಲ್ಲಗೆ ಮುಂದಕ್ಕೆ ತಂದಳು. ಇನ್ನೇನು ಮೂಗಿನ ಎದುರಿಗೇ ಬಂತು ಅನ್ನುವಾಗ ತಾತ ಬೆಚ್ಚಿದರು.

"ಈಗ ಬಂತು" ಎಂದರು. ದನಿ ಇಳಿದುಹೋಗಿತ್ತು.

"ನಾನು ಮೂರು ಬಿಸ್ಕತ್ತು ಕದ್ದೆ ತಾತ."

ಬೈಯಲಿ ಎಂದು ಕಾದಳು. ತಾತ ಬೈಯಲೇ ಇಲ್ಲ. ಚಿನಕುರಳಿಗೆ ಭಯವಾಯಿತು, ಅಳುವೇ ಬಂತು.

ತಾತ ಡ್ರಾಯರ್ ಎಳೆದು ಬಾಟ್ಲಿ ತೆಗೆದರು. "ಹೋಗು, ಕೈ ತೊಳ್ಕೊಂಡು ಬಾ, ಬಿಸ್ಕತ್ತು ಕಳ್ಳಿ. ನೀನೇ ಹಾಕು."

ಅವಳು ಓಡಿಹೋಗಿ ಸೋಪು ಹಾಕಿ ಕೈ ತೊಳೆದು ಬಂದಳು. ತಾತ ತಲೆ ಹಿಂದಕ್ಕೆ ಒರಗಿಸಿ, ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅಯ್ಯಯ್ಯೋ, ಉರಿ! ಸತ್ತೆ!"

"ಇನ್ನೂ ಹಾಕೇ ಇಲ್ಲ ತಾತ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೊದಲ ಹನಿ ಕೆನ್ನೆಯ ಪಾಲಾಯಿತು, ಎರಡನೆಯದು ಸರಿಯಾಗಿ ಕಣ್ಣಿಗೇ ಬಿತ್ತು.

ಸಂಜೆ ಅಂಗಡಿ ಬಾಗಿಲು ಹಾಕಿ ಹೊರಟರು. ದಿನವೂ ತಾತನ ಬಲಗೈ ಹಿಡಿದು ಜೋತಾಡುತ್ತಿದ್ದವಳು ಅವತ್ತು ಸುತ್ತಿ ಬಂದು ಎಡಗೈ ಹಿಡಿದಳು.

"ಇದೇನೇ, ಈ ಕಡೆ?"

"ಆ ಕಡೆ ಬಿಸಿಲು ತಾತ."

ಸೂರ್ಯ ಆಗಲೇ ಮುಳುಗಿದ್ದ.

"ಹೌದೌದು, ಭಾರೀ ಬಿಸಿಲು" ಎಂದು ತಾತ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.