ಕಿವಿ ಜೋಪಾನ!

"ನೀನಾ?!"

ಶಾಲೆಯ ಕೊಠಡಿಯ ಬಾಗಿಲಲ್ಲಿ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಒಳಗೆ ಮಕ್ಕಳ ಪುಟ್ಟ ಬೆಂಚುಗಳನ್ನು ಸುತ್ತಲೂ ಎಳೆದು ಹಾಕುತ್ತಿದ್ದವನು ಅವಳ ಗಂಡ! ಹೋದ ವರ್ಷ 'ನಿನ್ನ ಜೊತೆ ಇದ್ರೆ ಸತ್ತೇ ಹೋಗ್ತೀನಿ' ಎಂದು ಕಿರುಚಿ, ಬ್ಯಾಗು ಹೆಗಲಿಗೇರಿಸಿ ಹೋದ ಮಹಾನುಭಾವ!

ಅವನ ಕೈಯಲ್ಲಿದ್ದ ಬೆಂಚು ಧೊಪ್ಪನೆ ಬಿತ್ತು.

"ನೀನು... ಇಲ್ಲಿಗೆ?"

"ಯಾಕೆ, ಬರಬಾರದಿತ್ತಾ? ಕುಡಿತ ಬಿಡೋರ ಕೂಟ ಅಂದ್ರು, ಬಂದೆ. ನೀನೇನು, ನನ್ನಂಥವರನ್ನ ನೋಡಿ ನಗೋಕೆ ಬಂದಿದ್ದೀಯಾ?"

ಮೈಯೆಲ್ಲ ಉರಿಯುತ್ತಿತ್ತು. ಅಷ್ಟು ಸಿಟ್ಟಿನಲ್ಲೂ ಅವಳ ಕಣ್ಣು ತನ್ನ ಕಸುಬು ಬಿಡಲಿಲ್ಲ. ಥೂ, ಇವನ ತಲೆಯೇ! ಯಾರು ಕತ್ತರಿಸಿದರು ಹೀಗೆ, ಇಲಿ ಕಡಿದ ಹಾಗೆ?

ಅವಳು ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು. ಚಹಾದ ಫ್ಲಾಸ್ಕಿನಲ್ಲಿ ಬೇರೆಯದನ್ನೇ ತುಂಬಿಕೊಂಡು ಹೋಗುತ್ತಿದ್ದಳು. ಕಳೆದ ವಾರ ಕೈ ನಡುಗಿ, ಕತ್ತರಿ ಗಿರಾಕಿಯೊಬ್ಬಳ ಕಿವಿಗೇ ತಗುಲಿತು. ಮಾಲಕಿ ಕತ್ತರಿ ಕಿತ್ತಿಟ್ಟುಕೊಂಡು, "ಕೈ ನೆಟ್ಟಗಾಗೋವರೆಗೂ ಈ ಕಡೆ ತಲೆ ಹಾಕಬೇಡ" ಎಂದಳು.

ಆದರೆ ಕಿವಿ ಕೊಯ್ಯಿಸಿಕೊಂಡವಳು, ಬಸ್ಸಿನ ಕೆಲಸದಿಂದ ನಿವೃತ್ತಳಾದ ಕಂಡಕ್ಟರಮ್ಮ, ಬೈಯಲೇ ಇಲ್ಲ. ಹತ್ತಿ ಒತ್ತಿಕೊಂಡೇ ಹೇಳಿದ್ದಳು: "ಆ ಫ್ಲಾಸ್ಕಿನ ವಾಸನೆ ನಂಗೆ ಹೊಸದಲ್ಲ ಕಣಮ್ಮ. ನಾನೂ ಆ ಬಸ್ಸು ಹತ್ತಿ ಇಳಿದವಳೇ. ಶನಿವಾರ ಸಂಜೆ ಶಾಲೆ ಹತ್ರ ಬಾ."

ಈಗ ಅದೇ ಕಂಡಕ್ಟರಮ್ಮ, ಕಿವಿಗೆ ಪಟ್ಟಿ ಅಂಟಿಸಿಕೊಂಡು, ಹಿಂದಿನಿಂದ ಬಂದಳು.

"ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ನಡೀರಿ, ಜಾಗ ಇದೆ! ಇಲ್ಲಿರೋದು ಒಂದೇ ರೂಲ್ಸು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು."

ಹೊರಟುಬಿಡಲೇ ಅನ್ನಿಸಿತು. ಆದರೆ ಕುಡಿತ ಬಿಡದೆ ಕತ್ತರಿ ಕೈಗೆ ಬರುವುದಿಲ್ಲ. ಕತ್ತರಿಯೂ ಹೋದರೆ ಅವಳಿಗೆ ಉಳಿಯುವುದೇನು? ಮೊಣಕಾಲು ಗಲ್ಲಕ್ಕೆ ತಾಗುವಂಥ ಬೆಂಚಿನಲ್ಲಿ, ಹಲ್ಲು ಕಚ್ಚಿ ಕೂತಳು.

ಜನ ಬಂದು ಸುತ್ತ ಕೂತು, ಒಬ್ಬೊಬ್ಬರಾಗಿ ತಮ್ಮ ಕತೆ ಹೇಳತೊಡಗಿದರು. ಅವನ ಸರದಿ ಬಂತು. ಅವಳ ಕಡೆ ನೋಡದೆ, ನೆಲ ನೋಡುತ್ತ ಶುರು ಮಾಡಿದ.

"ನಾನು ಶಾಲೆ ವ್ಯಾನ್ ಓಡಿಸ್ತಿದ್ದೆ. ಸಂಜೆಯಾದ್ರೆ ನಾನೂ ಹೆಂಡತಿನೂ ಸೇರಿ ಕುಡೀತಿದ್ವಿ. ನಗ್ತಾ ನಗ್ತಾನೇ... ಒಂದು ಬೆಳಿಗ್ಗೆ ಅಮಲು ಇಳಿಯೋ ಮುಂಚೆ ವ್ಯಾನ್ ತೆಗೆದೆ. ಒಳಗೆ ತುಂಬಾ ಮಕ್ಕಳು. ಗೋಡೆಗೆ ಗುದ್ದೋದು ಕೂದಲೆಳೆಯಲ್ಲಿ ತಪ್ಪಿತು. ಕೀ ಕೊಟ್ಟು ಕೆಲಸ ಬಿಟ್ಟೆ. ಅವತ್ತು ಸಂಜೆ ಅವಳು ಎರಡು ಲೋಟ ತುಂಬಿಸಿ ಕಾಯ್ತಿದ್ಲು. ನಡೆದದ್ದು ಹೇಳೋಕೆ ನಾಚಿಕೆ... ತಪ್ಪೆಲ್ಲ ಅವಳ ತಲೆಗೆ ಕಟ್ಟಿ ಓಡಿಹೋದೆ. ಅವತ್ತಿಂದ ಕುಡಿದಿಲ್ಲ."

ವ್ಯಾನ್ ಗುದ್ದುವುದರಲ್ಲಿತ್ತೇ? ಮಕ್ಕಳು? ತಾನು ಕುಡುಕಿ, ತನ್ನನ್ನು ಕಂಡರೆ ಅಸಹ್ಯ, ಅದಕ್ಕೇ ಬಿಟ್ಟುಹೋದ ಎಂದೇ ಅವಳು ನಂಬಿದ್ದಳಲ್ಲ! ಅವಳು ಬಾಯಿ ತೆರೆದಳು.

"ಉಹೂಂ! ನಿನ್ನ ಸ್ಟಾಪ್ ಇನ್ನೂ ಬಂದಿಲ್ಲ," ಎಂದು ಕಂಡಕ್ಟರಮ್ಮ ಬೆರಳೆತ್ತಿದಳು.

ತನ್ನ ಸರದಿ ಬಂದಾಗ ಅವಳು ಎದ್ದೇ ನಿಂತಳು.

"ನಾನು ಕುಡೀತೀನಿ." ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಆಮೇಲೆ ಕಟ್ಟೆಯೊಡೆಯಿತು!

"ಇಬ್ಬರೂ ಮುಳುಗ್ತಿದ್ವಿ. ನನ್ನ ಗಂಡ ಒಬ್ಬನೇ ಈಜಿ ದಡ ಸೇರಿದ. ನೀನೂ ಬಾ ಅಂತ ಒಂದು ಸಲ, ಒಂದೇ ಒಂದು ಸಲ ಕರೀಲಿಲ್ಲ! ಬಿಟ್ಟು ಹೋದ ಅಂತ ಇನ್ನೂ ಕುಡಿದೆ. ಇಷ್ಟು ಜನರ ಮುಂದೆ ಬರೋ ಮಾತು ಹೆಂಡತಿ ಮುಂದೆ ಬರಲ್ವಾ? ನಾಲಿಗೆ ಸೇದಿಹೋಗಿತ್ತಾ?!"

ಅವನು ಬಾಯಿ ಹಾಕುವಂತಿರಲಿಲ್ಲ. ತಲೆ ತಗ್ಗಿಸಿ ಕೇಳಿದ. ಅವನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಮದುವೆಯಾದಾಗಿನಿಂದ ಅವಳ ಮಾತನ್ನು ಅವನು ಕೊನೆಯವರೆಗೆ ಕೇಳಿದ್ದು ಅದೇ ಮೊದಲು.

ಕೂಟ ಮುಗಿಯಿತು. ಜನ ಕರಗಿದರು. ಅವನು ಹತ್ತಿರ ಬಂದ.

"ಕ್ಷಮಿಸು ಅಂತ..."

"ಕೇಳಬೇಡ! ನನ್ನ ಕೋಪ ಇನ್ನೂ ಅರ್ಧಾನೂ ಮುಗಿದಿಲ್ಲ."

"ಮುಗಿಯೋವರೆಗೂ ಬೈ. ಕೂತಿರ್ತೀನಿ."

"ಈ ತಲೆ ಯಾರು ಮಾಡಿದ್ದು?"

"ನಾನೇ... ಕನ್ನಡಿ ನೋಡ್ಕೊಂಡು. ಬೇರೆಯವರಿಗೆ ತಲೆ ಕೊಡೋಕೆ ಮನಸ್ಸಾಗಲಿಲ್ಲ."

ಅಯ್ಯೋ, ಇಂಥ ಮಾತಿಗೆಲ್ಲ ಕರಗಬೇಡ ಕಣೇ... ಎಂದು ತನ್ನನ್ನೇ ಗದರಿಸಿಕೊಂಡಳು.

ಅವನು ಕಪಾಟಿನಿಂದ, ಮಕ್ಕಳು ಬಣ್ಣದ ಕಾಗದ ಕತ್ತರಿಸುವ ಮೊಂಡು ಕತ್ತರಿ ತಂದು ಚಾಚಿದ.

"ಹುಚ್ಚಾ ನಿಂಗೆ? ಈ ಕೈ ನೋಡು!" ಬೆರಳುಗಳು ಗಡಗಡ ನಡುಗುತ್ತಿದ್ದವು.

"ಕಿವಿ ಎರಡಿವೆಯಲ್ಲ. ಒಂದು ಹೋದ್ರೂ ಇನ್ನೊಂದರಲ್ಲಿ ನಿನ್ನ ಬೈಗುಳ ಕೇಳ್ತೀನಿ."

"ಏ ಡ್ರೈವರ್, ಕಿವಿ ಜೋಪಾನ!" ಬಾಗಿಲಿನಿಂದ ಕಂಡಕ್ಟರಮ್ಮ ತನ್ನ ಪಟ್ಟಿ ಮುಟ್ಟಿಕೊಂಡು ನಕ್ಕು, ಹೊರಗೆ ಹೋದಳು.

ಅವನು ಪುಟ್ಟ ಬೆಂಚಿನಲ್ಲಿ ಕೂತ. ಅವಳು ಒಂದು ಎಳೆ ಕತ್ತರಿಸಿದಳು. ನಿಂತಳು. ಉಸಿರೆಳೆದುಕೊಂಡಳು. ಇನ್ನೊಂದು. ಬಲಗಡೆ ಮುಗಿಯುವಷ್ಟರಲ್ಲಿ ಹಣೆಯೆಲ್ಲ ಬೆವರಿತ್ತು.

"ಸಾಕು ಬಿಡು, ನಿಂಗೆ ಕಷ್ಟ ಆಗ್ತಿದೆ..." ಅವನು ಏಳಹೋದ.

ಅವಳು ಅವನ ಹೆಗಲು ಒತ್ತಿ ಕೂರಿಸಿದಳು.

"ಕೂತ್ಕೋ! ಅರ್ಧಕ್ಕೇ ಬಿಟ್ಟು ಎದ್ದು ಹೋಗೋದು ನಿನ್ನ ಚಾಳಿ, ನನ್ನದಲ್ಲ!"

ಅವನು ಕೂತ. ಅವಳ ಕಣ್ಣಿನ ಹನಿಯೊಂದು ಅವನ ಕತ್ತಿನ ಮೇಲೆ ಬಿತ್ತು.

"ಇನ್ನು ಎಲ್ಲಿಗೂ ಹೋಗಲ್ಲ ಕಣೇ..."

"ತಲೆ ಅಲ್ಲಾಡಿಸಬೇಡ," ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ. "ಎಡಗಡೆ ಇನ್ನೂ ಬಾಕಿ ಇದೆ."